ಬಂಡೆ ಕಿವಿ ಬೀಸಿದ ಭಾನುವಾರ

ನಮ್ಮ ಅಡುಗೆಮನೆಯಲ್ಲಿ ಸ್ಟೀಲು ಲೋಟಗಳು ಒಂದನ್ನೊಂದು ಮುಟ್ಟುವುದಿಲ್ಲ. ಲೋಟಕ್ಕೂ ಲೋಟಕ್ಕೂ ನಡುವೆ ಎರಡು ಬೆರಳು ಜಾಗ, ತಟ್ಟೆಗಳ ನಡುವೆ ಹಳೇ ಪಂಚೆಯ ತುಂಡು, ಕಪಾಟಿನ ಅಂಚಿನಲ್ಲಿ ಏನನ್ನೂ ಇಡುವಂತಿಲ್ಲ. ನನ್ನ ಗಂಡ ದಾವಣಗೆರೆಯವರು. ಮದುವೆಯಾದ ಹೊಸದರಲ್ಲಿ ಇದನ್ನು ಯಾವುದೋ ಮಡಿ ಎಂದು ತಿಳಿದು ಸುಮ್ಮನಿದ್ದರು. ಅತ್ತೆಯವರು ಸುಮ್ಮನಿರುವ ಪೈಕಿ ಅಲ್ಲ. "ಲೋಟದಾಗೂ ಜಾತಿ ಐತೇನವಾ ನಿಮ್ಮ ಕಡೆ?" ಎಂದು ಮೊದಲ ವಾರವೇ ಕೇಳಿಬಿಟ್ಟರು.

ಮೊನ್ನೆ ಪಕ್ಕದ ಸೈಟಿಗೆ ಬೋರ್‌ವೆಲ್ ಲಾರಿ ಬಂದು ಕೊರೆಯತೊಡಗಿದಾಗ ಕಪಾಟಿನೊಳಗೆ ಎಲ್ಲೋ ಒಂದು ಚಮಚ ಕಿಣಿಕಿಣಿ ಅಂದಿತು. ನಾನು ಸೌಟು ಹಿಡಿದಂತೆಯೇ ಉಸಿರು ಬಿಗಿಹಿಡಿದು ತಾರಸಿ ನೋಡುತ್ತಾ ನಿಂತೆ. ಸಾರು ಉಕ್ಕಿ ಒಲೆ ಆರಿಹೋಯಿತು. ಗಂಡ ಓಡಿಬಂದು ಗ್ಯಾಸ್ ಬಂದ್ ಮಾಡಿ, "ನೀನಿನ್ನೂ ಗಣಿಯಿಂದ ಹೊರಗೆ ಬಂದೇ ಇಲ್ಲ ನೋಡು," ಎಂದರು. ತಮಾಷೆಗೆ ಹೇಳಿದ್ದು. ಆದರೂ ನನಗೆ ಸಿಟ್ಟು ಬಂತು. ಗಣಿಯೊಳಗೆ ನಾನು ಒಮ್ಮೆಯೂ ಇಳಿದವಳಲ್ಲ. ಇಳಿಯುತ್ತಿದ್ದವನು ಅಪ್ಪ.

ನೀವು ಕೆಜಿಎಫ್ ಕಡೆಯವರಲ್ಲದಿದ್ದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರಲ್ಲಿ ನೆಲ ನಡುಗುತ್ತಿತ್ತು. ಚಿನ್ನ ತೆಗೆದು ತೆಗೆದು ಟೊಳ್ಳಾದ ಜಾಗದಲ್ಲಿ, ಬಹಳ ಆಳದಲ್ಲಿ, ಒತ್ತಡ ತಡೆಯಲಾರದೆ ಬಂಡೆ ತಾನಾಗಿಯೇ ಸಿಡಿಯುತ್ತಿತ್ತು. ನಾವು ಅದಕ್ಕೆ ಏರ್ ಬ್ಲಾಸ್ಟ್ ಎನ್ನುತ್ತಿದ್ದೆವು. ಮೇಲೆ ನಮ್ಮ ಕಾರ್ಮಿಕರ ಲೈನು ಮನೆಗಳಲ್ಲಿ ಪಾತ್ರೆಗಳೆಲ್ಲ ಗಲಗಲ ಅನ್ನುವುದು, ದೇವರ ಪಟ ವಾಲುವುದು, ಅಷ್ಟೇ. ಸಣ್ಣದಾದರೆ ಮಕ್ಕಳು ನಿದ್ದೆಯಿಂದಲೂ ಏಳುತ್ತಿರಲಿಲ್ಲ. ದೊಡ್ಡದಾದರೆ ಹೆಂಗಸರು ಕೈಲಿದ್ದುದನ್ನು ಅಲ್ಲೇ ಬಿಟ್ಟು, ಗಣಿಗೆ ಇಳಿಯುವ ಶಾಫ್ಟಿನ ಗೇಟಿಗೆ ಓಡುತ್ತಿದ್ದರು. ಯಾರ ಗಂಡ ಪಾಳಿಯಲ್ಲಿದ್ದಾನೆ, ಯಾರ ಮಗ ಮೇಲೆ ಬಂದಿದ್ದಾನೆ ಎಂದು ಗೇಟಿನ ಮುಂದೆ ನಿಂತು ಕಾಯುವುದು ನಮ್ಮೂರಿನ ಹೆಂಗಸರ ಕಸುಬೇ ಆಗಿತ್ತು.

ನಮ್ಮಮ್ಮ ಮಾತ್ರ ಹೋಗುತ್ತಿರಲಿಲ್ಲ. ಬಿದ್ದ ಪಾತ್ರೆ ಎತ್ತಿಟ್ಟು, ವಾಲಿದ ಪಟ ನೆಟ್ಟಗೆ ಮಾಡಿ, ಬೇಳೆ ಬೆಂದಿತಾ ಎಂದು ನೋಡುತ್ತಿದ್ದಳು. ಅಕ್ಕಪಕ್ಕದವರು ಕರೆದರೆ, "ನಾನ್ ಓಗಿ ಗೇಟ್ ಮುಂದೆ ನಿಂತ್ಕಂಡ್ರೆ ಬಂಡೆ ಬೀಳಾದು ನಿಂತೋಯ್ತದಾ? ಬರೋನು ಬತ್ತಾನೆ," ಎನ್ನುತ್ತಿದ್ದಳು. ಕೆಲವರು ಅವಳನ್ನು ಕಲ್ಲೆದೆಯವಳು ಎಂದರು. ನನಗೆ ಅಮ್ಮನ ಬಗ್ಗೆ ಬಹಳ ಹೆಮ್ಮೆ. ಧೈರ್ಯ ಅಂದರೆ ಇದು ಎಂದು ತರಗತಿಯಲ್ಲಿ ಪ್ರಬಂಧ ಬರೆದಿದ್ದೆ.

ಅವಳ ಧೈರ್ಯದ ಮೂಲ ಎಲ್ಲಿತ್ತು ಎಂದು ಈಗ ನನಗೆ ಗೊತ್ತು. ಅದು ಅಪ್ಪನ ಬಾಯಲ್ಲಿತ್ತು. ಅಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಟಿಂಬರ್ ಕೆಲಸದವನು. ಸುರಂಗದ ಮೇಲ್ಛಾವಣಿ ಕುಸಿಯದಂತೆ ಮರದ ಕಂಬ ಕೊಡುವುದು ಅವನ ಕೆಲಸ. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ "ಒಳಗೆ ಎಂಗಿರ್ತದೆ?" ಎಂದು ಕೇಳಿದ್ದಳಂತೆ. "ಟಾಕೀಸ್ ಇದ್ದಂಗೆ ಕಣೇ. ತಣ್ಣಗೆ, ಕತ್ಲೆಗೆ ಇರ್ತದೆ. ಅಲ್ಲೊಂದು ಇಲ್ಲೊಂದು ಲೈಟು. ಕಂಬ ಕೊಟ್ಟು ಕೂತ್ಕಂಡ್ರೆ ಟೀ ಬತ್ತದೆ. ಮೇಲೇನೇ ಕಷ್ಟ, ಬಿಸ್ಲು," ಎಂದು ಅಪ್ಪ ಹೇಳಿದ್ದ. ಅಮ್ಮ ಒಳಗನ್ನು ಎಂದೂ ನೋಡಿದವಳಲ್ಲ. ಇಪ್ಪತ್ತು ವರ್ಷ ಆ ಟಾಕೀಸನ್ನೇ ನಂಬಿಕೊಂಡು ಅಡುಗೆ ಮಾಡಿದಳು.

ಇನ್ನು ಬೆಟ್ಟದ ವಿಷಯ. ಈ ಕಥೆಯಲ್ಲಿ ಬೆಟ್ಟ ಬರುತ್ತದೆ, ಆದ್ದರಿಂದ ನಮ್ಮೂರ ಬೆಟ್ಟಗಳನ್ನೂ ಪರಿಚಯಿಸುತ್ತೇನೆ. ಅವು ಸೈನೈಡ್ ದಿಬ್ಬಗಳು. ಮಿಲ್ಲಿನಲ್ಲಿ ಅದಿರಿನಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಮಣ್ಣನ್ನು ನೂರು ವರ್ಷ ತಂದು ಸುರಿದು ಸುರಿದು ಆದವು. ತಲೆ ಚಪ್ಪಟೆ, ಹುಲ್ಲು ಕೂಡ ಹುಟ್ಟುವುದಿಲ್ಲ. ಆಷಾಢದ ಗಾಳಿಗೆ ಊರೆಲ್ಲ ಬಿಳಿ ಧೂಳು. ನಾನು ಹುಟ್ಟಿದಾಗಿನಿಂದ ನೋಡಿದ ಬೆಟ್ಟಗಳು ಇವೇ. ಮೂರನೇ ತರಗತಿಯಲ್ಲಿ ಮೇಷ್ಟ್ರು "ಬೆಟ್ಟಗಳು ಹೇಗೆ ಉಂಟಾಗುತ್ತವೆ?" ಎಂದಾಗ ಎಲ್ಲರಿಗಿಂತ ಮೊದಲು ಎದ್ದು "ಮಿಲ್ಲಿನಿಂದ, ಸಾರ್" ಎಂದು ಹೇಳಿ ಅಂಗೈಗೆ ಬೆತ್ತದ ಏಟು ತಿಂದೆ. ಅನ್ಯಾಯ ಅಲ್ಲವೇ? ನಮ್ಮೂರಿನ ಮಟ್ಟಿಗೆ ಅದು ಸರಿಯಾದ ಉತ್ತರವೇ ಆಗಿತ್ತು.

ಅದೇ ವರ್ಷ ಅಮ್ಮ ನನ್ನನ್ನು ತವರಿಗೆ ಕರೆದುಕೊಂಡು ಹೋದಳು. ಬಂಗಾರಪೇಟೆಯಿಂದ ಬಸ್ಸಿನಲ್ಲಿ ಕಾಮಸಮುದ್ರದ ಕಡೆ ಹೋದರೆ ಆಂಧ್ರದ ಗಡಿಗೆ ಅಂಟಿಕೊಂಡಂತೆ ಒಂದು ಹಳ್ಳಿ. ಹಳ್ಳಿಯ ಹಿಂದೆಯೇ ಬೆಟ್ಟ, ಮೈತುಂಬ ಮರ. ಬಸ್ಸಿಳಿದು ಅದನ್ನು ನೋಡಿ ನಾನು ಬಾಯಿ ಬಿಟ್ಟುಕೊಂಡು, "ಮಾವ, ಇದು ಯಾವ ಶಾಫ್ಟಿನ ದಿಬ್ಬ? ಇದರ ಮೇಲೆ ಗಿಡ ಯಾರು ನೆಟ್ಟರು?" ಎಂದು ಕೇಳಿದೆ. ಅಮ್ಮನ ತಮ್ಮ ಮುನಿಯಪ್ಪ ಮಾವ, ಹಾಲಿನ ಕ್ಯಾನು ಕೆಳಗಿಟ್ಟು ನಕ್ಕ. ಈಗಲೂ ಸಿಕ್ಕಾಗಲೆಲ್ಲ ಅದನ್ನೇ ಹೇಳಿ ನಗುತ್ತಾನೆ. ಅವನ ಹಲ್ಲು ಹೋಗಿವೆ, ನಗು ಹೋಗಿಲ್ಲ.

ಅದು ರಿಜರ್ವ್ ಫಾರೆಸ್ಟು. ಬುಡದಲ್ಲಿ ಅರಣ್ಯ ಇಲಾಖೆಯ ಬೋರ್ಡು, ಒಳಗೆ ಕೊಡಲಿ ಹಿಡಿದು ಹೋದರೆ ವಾಚರ್ ಹಿಡಿಯುತ್ತಾನೆ. ಹಾಗಾಗಿ ಕಗ್ಗಲಿ, ಬಿದಿರು, ಹೊಂಗೆ, ಸೀತಾಫಲ ಎಲ್ಲ ದಟ್ಟವಾಗಿ ಉಳಿದುಕೊಂಡಿದ್ದವು. ನಾನು ಆಮೇಲೆ ಬಿ.ಎಸ್ಸಿ. ಸೇರಿದೆ, ಪ್ರಾಣಿಶಾಸ್ತ್ರ ತೆಗೆದುಕೊಂಡೆ. ಗುಬ್ಬಚ್ಚಿಗೆ ಲ್ಯಾಟಿನ್ನಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ಹೇಳುತ್ತಿದ್ದೆ. ದೇವಸ್ಥಾನದ ಕೋತಿಗಿಂತ ದೊಡ್ಡ ಕಾಡುಪ್ರಾಣಿಯನ್ನು ನೋಡಿರಲಿಲ್ಲ. ಈ ಕೊರತೆ ನೀಗಿಸಬೇಕೆಂದು ಕೊನೇ ವರ್ಷದಲ್ಲಿ ಹಠ ಹಿಡಿದೆ. ಕಾಲೇಜಿನ ಮೇಡಂ ಒಬ್ಬರನ್ನು ಕಾಡಿಬೇಡಿ ಒಂದು ದುರ್ಬೀನು ತಂದುಕೊಂಡೆ. ಮನೆಯವರೆಲ್ಲ ಮಾವನ ಬೆಟ್ಟ ಹತ್ತಿ ವನ್ಯಜೀವಿ ವೀಕ್ಷಣೆ ಮಾಡಬೇಕು ಎಂದು ಘೋಷಿಸಿದೆ. ಎಂಬತ್ತರ ದಶಕದಲ್ಲಿ ನಮ್ಮ ಲೈನಿನಲ್ಲಿ ಬೇರೆ ಯಾರೂ ಈ ಕಾರಣಕ್ಕೆ ಮನೆ ಬಿಟ್ಟು ಹೋಗಿರಲಿಲ್ಲ.

ಅಮ್ಮ ಒಪ್ಪಿದಳು, ಆದರೆ ಅಪ್ಪ ಬಂದರೆ ಮಾತ್ರ. ಭಾನುವಾರ ಗಣಿಗೆ ರಜೆ. ದುರಸ್ತಿಯವರಿಗೆ ಮಾತ್ರ ಇರಲಿಲ್ಲ, ಕಂಬ ಬದಲಿಸುವ ಕೆಲಸವೆಲ್ಲ ಅವತ್ತೇ. ಅಪ್ಪನಿಗೆ ಬೆಳಗಿನ ಪಾಳಿ ಬಿದ್ದಿತ್ತು. ಆಗ ಮುಂದೆ ಬಂದವರು ಏಳುಮಲೈ ಮಾಮ. ಅಪ್ಪನ ಜೊತೆ ಒಂದೇ ಗ್ಯಾಂಗಿನಲ್ಲಿ ಕೆಲಸ, ನಮ್ಮ ಪಕ್ಕದ ಮನೆ. ತಮಿಳು, ಕನ್ನಡ ಎರಡನ್ನೂ ಒಂದೇ ಬಾಯಲ್ಲಿ ಅಗಿಯುತ್ತಿದ್ದರು. "ಡೇಯ್ ವೆಂಕಟೇಸು, ನೀ ಪೋ. ನಿನ್ ಜಾಗಕ್ಕೆ ನಾನ್ ಇಳೀತೀನಿ. ನಿನ್ ಪೊಣ್ಣು ಆಸೆ ಪಡ್ತಾ ಇದೆ. ನಂಗೆ ಒಂದ್ ಮೊಲ ತಕ್ಕೊಂಡ್ ಬಾ, ಸಾಕು," ಎಂದರು. ಹೆಸರಿನಲ್ಲೇ ಏಳು ಬೆಟ್ಟ ಇಟ್ಟುಕೊಂಡ ಮನುಷ್ಯ ನೆಲದೊಳಕ್ಕೆ ಇಳಿದರು. ನಾವು ಬೆಟ್ಟಕ್ಕೆ ಹೊರಟೆವು.

ಹತ್ತುವಾಗ ಮಾವ ಮುಂದೆ, ಕೈಯಲ್ಲಿ ಮಜ್ಜಿಗೆಯ ಕ್ಯಾನು. ಅವನ ಹಿಂದೆ ನಾನು, ಕೊರಳಲ್ಲಿ ದುರ್ಬೀನು. ನನ್ನ ಹಿಂದೆ ಅಮ್ಮ, ಎಲ್ಲರಿಗಿಂತ ಹಿಂದೆ ಅಪ್ಪ. ಮಾವ ದಾರಿಯುದ್ದಕ್ಕೂ, "ಇಲ್ಲೇನೈತೆ? ಮೊಲ, ಕಾಡಂದಿ, ನವಿಲು. ಅದ್ರುಷ್ಟ ಇದ್ರೆ ಮುಳ್ಳಂದಿ. ಅಷ್ಟೇಯ," ಎನ್ನುತ್ತಿದ್ದ. ಆಂಧ್ರದ ಕಡೆ ಆನೆ ಬಂದಿವೆಯಂತೆ, ಬಾಳೆ ತೋಟ ತುಳಿದುವಂತೆ ಎಂದು ಹಾಲು ಡೈರಿಯಲ್ಲಿ ಯಾರೋ ಹೇಳಿದ್ದನ್ನೂ ಹೇಳಿದ. ನಾನು ನಿಂತುಬಿಟ್ಟೆ.

"ಆನೇನಾ? ಇಲ್ಲಿಗೂ ಬರ್ತವಾ ಮಾವ?"

"ಅಯ್ಯೋ ಎಲ್ಲಾನ ಉಂಟಾ! ಅವು ಆಂದ್ರದ ಆನೆಗಳು. ನಮ್ ಕಡೆ ಯಾಕ್ ಬತ್ತವೆ? ಮಧ್ಯ ಚೆಕ್‌ಪೋಸ್ಟ್ ಐತಲ್ಲ!"

ಅವನು ಹೇಳಿದ್ದು ತಮಾಷೆಗಲ್ಲ. ನಮ್ಮ ಮಾವನ ತಾತನ ಕಾಲದಿಂದ ಅಲ್ಲಿ ಯಾರೂ ಆನೆ ಕಂಡಿರಲಿಲ್ಲ. ಮಾವನ ಊರಲ್ಲಿ ಆನೆ ಎಂದರೆ ಸರ್ಕಸ್ಸಿನದು.

ಅಪ್ಪನಿಗೆ ಪ್ರಾಣಿಗಳಲ್ಲಿ ಆಸಕ್ತಿಯೇ ಇರಲಿಲ್ಲ. ಅವನು ಮರಗಳನ್ನು ನೋಡುತ್ತಿದ್ದ. ಒಂದೊಂದನ್ನೂ ತಬ್ಬಿ, ಗೆಣ್ಣಿನಿಂದ ತಟ್ಟಿ, ತಲೆ ಎತ್ತಿ ಅಳೆದು, "ಇದ್ರಾಗೆ ಎಲ್ಡು ಕಂಬ ಬತ್ತದೆ... ಇದು ಸೊಟ್ಟ, ಆಗಾಕಿಲ್ಲ... ಇದು ಗಟ್ಟಿ ಐತೆ, ಆದ್ರೆ ಇದ್ದಕ್ಕಿದ್ದಂಗೆ ಮುರೀತದೆ, ಮೋಸ," ಎಂದು ತೀರ್ಪು ಕೊಡುತ್ತಿದ್ದ. ಎಲೆಯಿರುವ ಮರಗಳ ನಡುವೆ ಅವನು ಇಷ್ಟು ಹೊತ್ತು ನಡೆದದ್ದು ಅದೇ ಮೊದಲಿರಬೇಕು. ಅಮ್ಮ ರೇಗಿದಳು. "ಬದ್ಕಿರೋ ಮರ ಅದು, ಸುಮ್ಕೆ ಬಿಡು. ನೀ ತಬ್ಕಂಡ್ರೆ ಅದು ಹೆದ್ರಿ ಒಣಗೋಯ್ತದೆ."

ನೆತ್ತಿಯಲ್ಲಿ ಮನೆಯಂಗಳದಷ್ಟು ಅಗಲದ ಹಾಸುಬಂಡೆ. ಅದರ ಮೇಲೆ ಕೂತರೆ ಒಂದು ಪಕ್ಕಕ್ಕೆ ಆಂಧ್ರದ ಬೆಟ್ಟಗಳು, ಇನ್ನೊಂದು ಪಕ್ಕಕ್ಕೆ ನಮ್ಮ ಕಡೆ. ಬಹಳ ದೂರದಲ್ಲಿ ಒಂದು ಬಿಳಿ ಗೀಟು. ಅದೇ ಸೈನೈಡ್ ದಿಬ್ಬ ಎಂದು ಅಪ್ಪ ತೋರಿಸಿದ. ಕೆಳಗೆ ಕಲ್ಲು ಎಸೆದರೆ ಬೀಳುವಷ್ಟು ಹತ್ತಿರದಲ್ಲಿ ಒಂದು ಕೊರಕಲು, ಕೊರಕಲಿನ ಕೊನೆಯಲ್ಲಿ ಮಳೆನೀರು ನಿಂತ ಕುಂಟೆ, ಸುತ್ತ ಬಿದಿರು. ಅಲ್ಲಿಯವರೆಗಿನ ನನ್ನ ವನ್ಯಜೀವಿ ವೀಕ್ಷಣೆಯ ಫಲ ಇಷ್ಟು: ಒಂದು ಮುಂಗುಸಿಯ ಬಾಲ, ಒಂದು ನವಿಲಿನ ಕೂಗು, ಮೊಲದ ಹಿಕ್ಕೆ. ಹಿಕ್ಕೆಯನ್ನೂ ಮಾವನೇ ತೋರಿಸಿದ್ದು. ನಾನು ದುರ್ಬೀನು ಹಿಡಿದು ಕುಂಟೆಯ ಸುತ್ತ ಹಕ್ಕಿ ಹುಡುಕಿದೆ. ಹಕ್ಕಿ ಇರಲಿಲ್ಲ. ಬಿದಿರಿನ ನಡುವೆ ದೊಡ್ಡ ದೊಡ್ಡ ಗುಂಡುಗಳು ಮಾತ್ರ ಇದ್ದವು. ಕೋಲಾರದ ಕಡೆ ಎಲ್ಲೆಲ್ಲೂ ಇರುವಂಥ ಬೂದುಬಣ್ಣದ ಬಂಡೆಗಳು. "ಬಂಡೆ ಬಿಟ್ರೆ ಏನೂ ಇಲ್ಲ," ಎಂದು ಬೇಸರದಿಂದ ದುರ್ಬೀನು ಕೆಳಗಿಟ್ಟೆ. ನನ್ನ ಮೂರು ವರ್ಷದ ಪ್ರಾಣಿಶಾಸ್ತ್ರದ ತೀರ್ಮಾನ ಅದು.

ಅಮ್ಮ ಚಿತ್ರಾನ್ನ ಬಿಚ್ಚಿದಳು. ಅಪ್ಪ ಚಪ್ಪಲಿ ಬಿಟ್ಟು ಚಕ್ಕಂಬಟ್ಟಲು ಹಾಕಿ ಕೂತ. ಮಾವ ಲೋಟಗಳಿಗೆ ಮಜ್ಜಿಗೆ ಹುಯ್ದು ಬಂಡೆಯ ಮೇಲೆ ಸಾಲಾಗಿ ಇಟ್ಟ. ನಾವು ಮೊದಲ ತುತ್ತು ಬಾಯಿಗಿಟ್ಟಾಗ ಆ ಸದ್ದಾಯಿತು.

ಧಡ್ ಎಂಬ ಒಂದೇ ಪೆಟ್ಟು, ಅದರ ಹಿಂದೆ ಉರುಳುವ ಗಡಗಡ. ಕೂತಿದ್ದ ಬಂಡೆ ಅದುರಿತು. ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಅಂದವು. ನಾವು ಮೂವರು ಕೆಜಿಎಫಿನವರು ಒಂದೇ ಸಲ ಕೈ ತಡೆದು, ಒಂದೇ ಸಲ ಮೇಲೆ ನೋಡಿದೆವು. ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಮಾವ ನಮ್ಮ ಮೂವರ ಮುಖ ನೋಡಿ, ತಾನೂ ಆಕಾಶ ನೋಡಿದ.

ಅಪ್ಪನ ಮುಖದ ಬಣ್ಣ ಇಳಿಯಿತು. "ಏರ್ ಬ್ಲಾಸ್ಟು," ಎಂದ.

"ಇಷ್ಟು ದೂರಕ್ಕಾ?" ಎಂದಳು ಅಮ್ಮ.

"ಇಷ್ಟು ದೂರಕ್ಕೆ ಕೇಳ್ಸೈತೆ ಅಂದ್ರೆ..." ಅಪ್ಪ ಮಾತು ಮುಗಿಸಲಿಲ್ಲ. ತಟ್ಟೆ ಅವನ ತೊಡೆಯಿಂದ ಜಾರಿತು. "ಏಳುಮಲೆ ಒಳ್ಗವ್ನೆ. ನನ್ ಜಾಗ್ದಾಗವ್ನೆ."

ಎದ್ದವನೇ ಓಡಿದ. ಚಪ್ಪಲಿ ಮೆಟ್ಟಲಿಲ್ಲ, ಕೈ ತೊಳೆಯಲಿಲ್ಲ. ಮಾವ ಎದ್ದು, "ಬಾವಾ, ದಾರಿ ಆ ಕಡೆ ಅಲ್ಲ! ಬಾವಾ!" ಎಂದು ಕೂಗಿದ. ಅಪ್ಪನಿಗೆ ದಾರಿ ಬೇಕಾಗಿರಲಿಲ್ಲ. ದೂರದ ಆ ಬಿಳಿ ಗೀಟು ಎಲ್ಲಿತ್ತೋ ಅದರ ನೇರಕ್ಕೆ ಕೊರಕಲಿನಲ್ಲಿ ಇಳಿದುಬಿಟ್ಟ. ಆ ಕೊರಕಲು ಕುಂಟೆಯ ಪಕ್ಕದಲ್ಲೇ ಹಾದು ರಸ್ತೆಗೆ ಹೋಗುತ್ತದೆ.

ನಾನು ಸುಮ್ಮನೆ ಅಭ್ಯಾಸಬಲದಿಂದ ದುರ್ಬೀನು ಕಣ್ಣಿಗಿಟ್ಟೆ. ಆಗ ಒಂದು ಬಂಡೆ ಕಿವಿ ಬೀಸಿತು.

ಬಂಡೆಗೆ ಕಿವಿ ಇತ್ತು. ಪಕ್ಕದ ಬಂಡೆಗೆ ದಂತ ಇತ್ತು. ಅದರಾಚೆಯದು ನಿಧಾನವಾಗಿ ತಿರುಗಿತು, ಅದರ ಹೊಟ್ಟೆಯ ಕೆಳಗಿನಿಂದ ಒಂದು ಸಣ್ಣ ಬಂಡೆ ಈಚೆಗೆ ಬಂದು ಸೊಂಡಿಲು ಎತ್ತಿತು. ಅಷ್ಟು ಹೊತ್ತೂ ನಾನು ಅವುಗಳನ್ನೇ ನೋಡಿ ಬೇಜಾರು ಪಟ್ಟಿದ್ದೆ. ಮಾವನಿಗೆ ದುರ್ಬೀನು ಬೇಕಾಗಲಿಲ್ಲ. "ಅಯ್ಯೋ ದೇವುಡಾ, ಏನುಗುಲು," ಎಂದ. ಆನೆಗಳು ಎನ್ನಲು ಕೂಡ, ಭಯವಾದರೆ ಅವನ ಬಾಯಲ್ಲಿ ತೆಲುಗೇ ಬರುತ್ತದೆ. ನಾನು "ಅಪ್ಪಾ" ಎಂದು ಕಿರುಚಲು ಬಾಯಿ ತೆರೆದೆ. ಮಾವ ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿ ಬಂಡೆಗೆ ಒತ್ತಿಬಿಟ್ಟ. "ಕೂಗ್ಬೇಡ. ಕೂಗಿದ್ರೆ ಬಾವ ನಿಂತ್ಕಂಡು ತಿರುಗಿ ನೋಡ್ತಾನೆ. ನಿಂತ್ರೆ ಸತ್ತ," ಎಂದು ಕಿವಿಯಲ್ಲಿ ಹೇಳಿದ.

ಅಮ್ಮ ನನ್ನ ಕೈಯಿಂದ ದುರ್ಬೀನು ಕಿತ್ತುಕೊಂಡಳು.

ಅವಳು ಹುಟ್ಟಿದ ಮೇಲೆ ದುರ್ಬೀನಿನಲ್ಲಿ ನೋಡಿದವಳಲ್ಲ. ದೂರದ್ದು ಹತ್ತಿರ ಕಾಣುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ನಾನು ಕೂಡ. ಅಲ್ಲಿ ಅವಳಿಗೆ ಅಪ್ಪ ಒಂದು ಮಾರು ದೂರದಲ್ಲಿ ಕಂಡಿರಬೇಕು, ಅವನ ಪಕ್ಕದಲ್ಲೇ ಆನೆಯ ಕಾಲು. ಅಮ್ಮ ಒಂದು ಕೈಯಲ್ಲಿ ದುರ್ಬೀನು ಹಿಡಿದುಕೊಂಡೇ ಇನ್ನೊಂದು ಕೈಯನ್ನು ಮುಂದಕ್ಕೆ ಚಾಚಿದಳು. ಅವನ ಅಂಗಿ ಹಿಡಿದು ಈಚೆಗೆ ಎಳೆದುಕೊಳ್ಳಲು ಚಾಚಿದ ಕೈ. ಬೆರಳುಗಳು ಗಾಳಿಯಲ್ಲಿ ಮುಚ್ಚಿದವು, ತೆರೆದವು, ಮತ್ತೆ ಮುಚ್ಚಿದವು. ಮುಂದಕ್ಕೆ ಬಾಗಿ ಬಾಗಿ ಬಂಡೆಯ ಅಂಚಿಗೆ ಬಂದಳು. ಮಾವ ನನ್ನನ್ನು ಬಿಟ್ಟು ಅವಳ ಸೆರಗು ಹಿಡಿದ.

ಬರಿಗಣ್ಣಿಗೆ ನನಗೆ ಕಂಡದ್ದು ಇಷ್ಟು. ಅಪ್ಪನ ಬಿಳಿ ಅಂಗಿ ಬಿದಿರು ಮೆಳೆಯೊಳಗೆ ಹೋಯಿತು. ಎಡಗಡೆ ಎರಡು ಆನೆ, ಬಲಗಡೆ ಮರಿಯ ಜೊತೆಗೊಂದು. ನಡುವಿನ ಜಾಗ ನಮ್ಮ ಲೈನಿನ ಓಣಿಗಿಂತ ಅಗಲವಿರಲಿಲ್ಲ. ಅಪ್ಪ ಅತ್ತ ನೋಡಲಿಲ್ಲ, ಇತ್ತ ನೋಡಲಿಲ್ಲ. ತಾಯಾನೆ ಸೊಂಡಿಲು ಮೇಲೆತ್ತಿ ಹೆಜ್ಜೆ ಮುಂದಿಟ್ಟಿತು. ಕಿವಿಗಳು ಅಗಲವಾದವು. ಅಷ್ಟರಲ್ಲಿ ಅಂಗಿ ಆಚೆ ಕಡೆಯಿಂದ ಹೊರಬಿತ್ತು, ಕುಂಟೆಯ ಏರಿ ಹತ್ತಿತು, ಇಳಿಯಿತು, ಕಾಣದಾಯಿತು. ಆನೆಗಳು ಅವನು ಹೋದ ದಿಕ್ಕಿಗೆ ನೋಡುತ್ತಾ ನಿಂತವು. ಅವುಗಳಿಗೂ ದಿಗ್ಭ್ರಮೆಯಾಗಿತ್ತೋ ಏನೋ. ಎಡಗೈಯಲ್ಲಿ ಪಂಚೆ ಎತ್ತಿಹಿಡಿದು, ಬಲಗೈಗೆ ಚಿತ್ರಾನ್ನ ಮೆತ್ತಿಕೊಂಡು ತಮ್ಮ ನಡುವೆಯೇ ಓಡಿದ ಮನುಷ್ಯನನ್ನು ಅವೂ ಅದಕ್ಕೆ ಮೊದಲು ಕಂಡಿರಲಾರವು.

ಅಮ್ಮ ದುರ್ಬೀನು ಇಳಿಸಲಿಲ್ಲ. ಖಾಲಿ ಬಿದಿರನ್ನು ನೋಡುತ್ತಲೇ ಇದ್ದಳು. ಕರೆದರೆ ತಿರುಗಲಿಲ್ಲ.

ಆನೆಗಳು ನಿಧಾನವಾಗಿ ಆಂಧ್ರದ ಕಡೆ ಸರಿದುಹೋಗುವವರೆಗೆ ನಾವು ಬಂಡೆಯ ಮೇಲೆಯೇ ಕೂತಿದ್ದೆವು. ಹೊತ್ತು ಇಳಿಯುವಾಗ ಮಾವ ನಮ್ಮನ್ನು ಬೆಟ್ಟದ ಹಿಂಬದಿಯಿಂದ ಇಳಿಸಿದ. ದಾರಿಯಲ್ಲಿ ಒಂದು ಕಡೆ ಮನೆಯಷ್ಟು ದೊಡ್ಡ ಗುಂಡು ಇಳಿಜಾರಿನಲ್ಲಿ ಉರುಳಿ ಬಂದು ಸಿಕ್ಕಿಕೊಂಡಿತ್ತು. ಅದು ಇದ್ದ ಜಾಗದಲ್ಲಿ ಹಸಿಮಣ್ಣು, ಸುತ್ತ ಆನೆಯ ಹೆಜ್ಜೆ, ಬಂಡೆಗೆ ಮೆತ್ತಿದ ಕೆಸರು. ಆನೆ ಮೈ ಉಜ್ಜಿದ್ದಕ್ಕೆ ಗುಂಡು ಉರುಳಿತ್ತು. ಕೆಜಿಎಫಿನಲ್ಲಿ ಏನೂ ಆಗಿರಲಿಲ್ಲ. ನಾನು ಅಲ್ಲೇ ನಿಂತು ನಗಲು ಶುರುಮಾಡಿದೆ, ಆಮೇಲೆ ನೋಡಿದರೆ ಅಳುತ್ತಿದ್ದೆ. ಅಮ್ಮ ಆ ಗುಂಡನ್ನು ಒಮ್ಮೆ ನೋಡಿ ಮುಂದೆ ನಡೆದಳು.

ಬಂಗಾರಪೇಟೆಯಲ್ಲಿ ರೈಲು ಹತ್ತಿದೆವು. ಅಪ್ಪನ ಚಪ್ಪಲಿಗಳನ್ನು ಅಮ್ಮ ಚೀಲಕ್ಕೆ ಹಾಕಲು ಬಿಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎದುರಿಗೆ ಕೂತಿದ್ದ ಹೆಂಗಸು ಒಂದೆರಡು ಸಲ ಮೂಗು ಮುರಿದಳು. ಅಪ್ಪ ರಸ್ತೆ ತಲುಪಿದನೋ ಇಲ್ಲವೋ, ಕುಂಟೆಯಾಚೆ ಇನ್ನೂ ಆನೆ ಇದ್ದವೋ, ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಊರು ಬರುವವರೆಗೆ ಉಗುರು ಕಚ್ಚಿದೆ.

ನಮ್ಮ ಲೈನಿನ ತಿರುವಿನಲ್ಲೇ ಏಳುಮಲೈ ಮಾಮನ ನಗು ಕೇಳಿಸಿತು. ಅವರ ಮನೆ ಜಗಲಿಯ ಮೇಲೆ ಅಪ್ಪ ಕೂತಿದ್ದ. ಪಾದಗಳಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿತ್ತು, ಕೈಯಲ್ಲಿ ಕಾಫಿ ಲೋಟ. ನಮ್ಮನ್ನು ಕಂಡು ನಾಚಿಕೊಂಡು ನಕ್ಕ. ಬದುಕಿದ್ದ. ನನಗೆ ಅವನ ಕುತ್ತಿಗೆಗೆ ಜೋತುಬೀಳಬೇಕೆನಿಸಿತು, ಬೀಳಲಿಲ್ಲ. ನಮ್ಮ ಮನೆಗಳಲ್ಲಿ ಆ ರೂಢಿ ಇಲ್ಲ.

ಏಳುಮಲೈ ಮಾಮ ಎದ್ದು ನಿಂತು ಅಭಿನಯ ಮಾಡಿ ತೋರಿಸಿದರು. "ವಾಂಗ ಅಕ್ಕಾ, ವಾಂಗ! ನಾನ್ ಪಾಳಿ ಮುಗ್ಸಿ ಕೇಜ್ ಹತ್ತಿ ಮೇಲಕ್ ಬತ್ತೀನಿ, ಇವ್ನು ಗೇಟ್ ಹಿಡ್ಕಂಡು ಸೆಕ್ಯುರಿಟಿ ಜೊತೆ ಜಗಳ. ನನ್ ಮೂತಿ ನೋಡಿದ್ದೇ ಪಟಾರ್ ಅಂತ ಕೆನ್ನೆಗೆ ಒಂದು ಕೊಟ್ಟ! ಆಮೇಲೆ ತಬ್ಕಂಡು ಒಂದೇ ಅಳು. ಎಲ್ಲಾ ಜನ ನೋಡ್ತಾವ್ರೆ. ಎನ್ನಡಾ ಆಚ್ಚು, ಏನಾಯ್ತು ಅಂದ್ರೆ, ಏರ್ ಬ್ಲಾಸ್ಟು ಅಂತಾನೆ. ಎಲ್ಲಿ ಬ್ಲಾಸ್ಟು? ಒಳ್ಗೆ ಒಂದ್ ಧೂಳೂ ಬಿದ್ದಿಲ್ಲ!"

ಅಪ್ಪ ತಲೆ ತಗ್ಗಿಸಿ, "ಏನೋ ಕೇಳ್ಸ್ತು ಕಣ್ಲಾ," ಎಂದ.

"ಆನೆ," ಎಂದೆ ನಾನು. "ಆನೆ ಗುಂಡು ಉರುಳಿಸಿದ ಸದ್ದು ಅಪ್ಪ ಅದು. ನೀನು ಓಡಿದೆಯಲ್ಲ, ಆ ಬಿದಿರಿನಲ್ಲಿ ನಿನ್ನ ಎರಡೂ ಪಕ್ಕ ಆನೆಗಳಿದ್ದವು. ಮರಿ ಕೂಡ ಇತ್ತು."

ಅಪ್ಪ ನನ್ನ ಮುಖ ನೋಡಿ, ಏಳುಮಲೈ ಮಾಮನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಆನೆ! ನನ್ ಪಕ್ದಾಗೆ ಆನೆ ಇದ್ರೆ ನಂಗೆ ಕಾಣಾಕಿಲ್ವಾ? ಕಾಲೇಜಾಗೆ ಇದೇನಾ ಏಳ್ಕೊಡಾದು?"

ಮಾಮನೂ ನಕ್ಕರು. ನಗುತ್ತಲೇ ಅಮ್ಮನ ಕಡೆ ತಿರುಗಿದರು. ಅಮ್ಮ ಇನ್ನೂ ಬೀದಿಯಲ್ಲೇ ನಿಂತಿದ್ದಳು, ಚಪ್ಪಲಿಗಳನ್ನು ಎದೆಗೆ ಅವುಚಿಕೊಂಡು. ಅವಳ ಮುಖ ನೋಡಿ ಮಾಮನ ನಗು ಅರ್ಧಕ್ಕೇ ನಿಂತಿತು.

"ಅಕ್ಕಾ... ನಿಜವಾ?"

ಅಮ್ಮ ಕೈ ಚಾಚಿ ತೋರಿಸಿದಳು. "ಇಷ್ಟು ದೂರ್ದಾಗಿತ್ತು. ಅದ್ರ ಕಾಲು. ಇವ್ನ ತಲೆ ಅದ್ರ ಮೊಣಕಾಲ್ಗಿಂತ ಒಸಿ ಮೇಲೈತೆ, ಅಷ್ಟೇ. ಸೊಂಡ್ಲು ಎತ್ತಿತ್ತು. ನಾನ್ ನೋಡ್ದೆ."

ಏಳುಮಲೈ ಮಾಮ ಕುಕ್ಕರಿಸಿದರು. ಆಮೇಲೆ ಅಪ್ಪನ ಬಟ್ಟೆ ಸುತ್ತಿದ ಪಾದ ಮುಟ್ಟಿ, "ನನ್ಗೋಸ್ಕರ ಯಾಕ್ ಓಡ್ದೆ, ಪೈತ್ಯಗಾರಾ? ನಾನ್ ಸತ್ತಿದ್ರೆ ನಾನೊಬ್ಬ. ನೀನೂ ಯಾಕೆ?" ಎಂದರು. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ. ಬಿದಿರಿನಲ್ಲಿ ಬರಬೇಕಾಗಿದ್ದ ಭಯ ಅವನಿಗೆ ಜಗಲಿಯ ಮೇಲೆ ಬಂತು.

ಅಮ್ಮ ಹತ್ತಿರ ಬಂದು ಚಪ್ಪಲಿಗಳನ್ನು ಅವನ ಮುಂದೆ ಇಟ್ಟಳು. ಇಟ್ಟು, ಅಲ್ಲೇ ಕೂತು, ಅವನನ್ನೇ ನೋಡುತ್ತಾ ಕೇಳಿದಳು.

"ಒಳ್ಗೂ ಇಂಗೇನಾ?"

"ಏನು?"

"ಗಣಿ ಒಳ್ಗೆ. ದಿನಾ ಇಂಗೇನಾ ನೀನು? ಪಕ್ದಾಗೇ ಇರ್ತದಾ, ನೀನ್ ನೋಡ್ದಂಗೆ ಓಡಾಡ್ತೀಯಾ?"

ಅಪ್ಪನ ಹತ್ತಿರ ಟಾಕೀಸಿನ ಉತ್ತರ ಇತ್ತು. ನಾನು ಅದಕ್ಕಾಗಿ ಕಾದೆ, ಬರಲಿಲ್ಲ. ಏಳುಮಲೈ ಮಾಮ ನೆಲ ನೋಡುತ್ತಿದ್ದರು. ಅಪ್ಪ ಲೋಟ ಕೆಳಗಿಟ್ಟು, ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಒಳ್ಗೆ ನೋಡೋರ್ ಯಾರೂ ಇರಾಕಿಲ್ವಲ್ಲೇ," ಎಂದ. "ಅದ್ಕೇ ಓಡಾಡಾಕಾಯ್ತದೆ."

ಅಮ್ಮ ಎದ್ದಳು. ಮನೆಗೆ ಬಂದು ಒಲೆ ಹಚ್ಚಿದಳು, ಮುದ್ದೆ ತಿರುವಿದಳು, ನಮಗೆಲ್ಲ ಬಡಿಸಿದಳು. ತಾನು ಉಣ್ಣಲಿಲ್ಲ.

ಮಾರನೆಯ ಬೆಳಿಗ್ಗೆ ಪಾಳಿಯ ಸೈರನ್ ಕೂಗಿತು. ಅಪ್ಪ ಗಾಯದ ಪಾದಗಳ ಮೇಲೆಯೇ ಬೂಟು ಎಳೆದುಕೊಂಡು, ಬುತ್ತಿ ತೆಗೆದುಕೊಂಡು, ಕುಂಟುತ್ತಾ ಹೊರಟ. ಅಮ್ಮ ಬಾಗಿಲು ಎಳೆದುಕೊಂಡು ಅವನ ಹಿಂದೆಯೇ ಬೀದಿಗೆ ಇಳಿದಳು. ಒಲೆಯ ಮೇಲೆ ಬೇಳೆ ಇನ್ನೂ ಬೆಂದಿರಲಿಲ್ಲ.

ಅಪ್ಪ ತಿರುಗಿ ನೋಡಿದ. "ನೀನೆಲ್ಲಿಗೆ?"

"ಗೇಟ್ ತಾವ್ಕೆ," ಎಂದಳು ಅಮ್ಮ. "ನೋಡಾಕೆ."